ಹಾಟ್ ರಾಡ್ ಕ್ಲಬ್ಬಿಗೆ ಸೇರೋದು ಅಂದ್ರೆ ಏನು?

ಭಾಗ 1/8 – ಒಂದು ಅಲ್ಯೂಮಿನಿಯಂ ಫಲಕ

ಮೊದಲೇ ಹೇಳಿಬಿಡ್ತೀನಿ, ಇದು ಉದ್ದ ಇದೆ. ಎಂಟು ಭಾಗ. ಈಗ ಬಸ್ಸಲ್ಲಿದ್ರೆ ಸೇವ್ ಮಾಡ್ಕೊಳ್ಳಿ, ರಾತ್ರಿ ಓದಿ.

ಹೋದ ಸರಣಿಯಲ್ಲಿ ಡಬಲ್ ಎಂಟ್ರಿ ಬುಕ್‌ಕೀಪಿಂಗ್ ಹುಟ್ಟಿದ ಕಥೆ ಬರೆದಿದ್ದೆ. "ಲೋ, ಕ್ಲಾಸಲ್ಲಿ ಕೇಳಿದ್ದೇ ಸಾಲ್ದಾ?" ಅಂತ ನಮ್ಮ ಬಿಕಾಂ ಜನ ಚೆನ್ನಾಗಿ ಉಗಿದ್ರಿ. ಒಪ್ಕೊಂಡೆ. ಅದಕ್ಕೇ ಈ ಸಲ ಗಾಡಿ ಕಥೆ.

ಒಂದು ಹಳೇ ಕಾರನ್ನ ಕಣ್ಣ ಮುಂದೆ ತಂದುಕೊಳ್ಳಿ. ಮಡ್‌ಗಾರ್ಡ್ ಇಲ್ಲ, ಮೇಲ್ಛಾವಣಿ ಇಲ್ಲ, ಬಾನೆಟ್ಟೂ ಇಲ್ಲ, ಎಂಜಿನ್ ಬಿಸಿಲಿಗೆ ಹೊಳೀತಾ ಇದೆ. ಹಿಂದಿನ ಬಂಪರ್ ಕೆಳಗೆ ಎರಡು ಸಣ್ಣ ಚೈನಿನಲ್ಲಿ ಒಂದು ಫಲಕ ನೇತಾಡ್ತಿದೆ. ಅಲ್ಯೂಮಿನಿಯಂ ಎರಕ ಹೊಯ್ದು ಮಾಡಿದ್ದು. ಮೇಲೆ ಕ್ಲಬ್ಬಿನ ಹೆಸರು, ಕೆಳಗೆ ಊರಿನ ಹೆಸರು. ಅಷ್ಟೇ.

1940, 50ರ ದಶಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ವಯಸ್ಸಿನ ಹುಡುಗನಿಗೆ ಆ ಫಲಕ ಅಂದ್ರೆ ಪ್ರಾಣ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಗೊಂಡು ಬಂದು ನೇತು ಹಾಕ್ಕೊಳ್ಳೋ ವಸ್ತು ಅದಲ್ಲ, ಕ್ಲಬ್ ಕೊಡಬೇಕು. ಅನೇಕ ಕ್ಲಬ್ಬುಗಳಲ್ಲಿ ಕೊಟ್ಟ ಮೇಲೂ ಅದು ಕ್ಲಬ್ಬಿನ ಆಸ್ತಿಯೇ. ನೀವು ಬಿಟ್ಟು ಹೋದ್ರೆ, ಅಥವಾ ನಿಮ್ಮನ್ನ ಬಿಡಿಸಿದ್ರೆ, ವಾಪಸ್ ಕೊಟ್ಟು ಹೋಗಬೇಕು.

ಹಾಗಾದ್ರೆ ಅದು ಸಿಗ್ತಿದ್ದದ್ದು ಯಾರಿಗೆ? ಯಾಕೆ? ಸಿಗದೇ ಇದ್ದವರು ಯಾರು? ಈ ಸರಣಿ ಇರೋದು ಇದರ ಬಗ್ಗೆ.

ಇದನ್ನ ಬರೆಯೋಕೆ ನನಗೊಂದು ಸ್ವಂತ ಕಾರಣ ಇದೆ, ಅದನ್ನ ಕೊನೇ ಭಾಗದಲ್ಲಿ ಹೇಳ್ತೀನಿ. ಕ್ಲಾಸಿನವರಿಗೆ ಈಗಾಗಲೇ ಗೊತ್ತು.

ಭಾಗ 2/8 – ಗುಜರಿ ಗಾಡಿ

ಕಥೆ ಶುರುವಾಗೋದು ಫೋರ್ಡ್ ಕಾರಿನಿಂದ. ಹೆನ್ರಿ ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಮಾಡೆಲ್ ಟಿ ಅನ್ನೋ ಒಂದೇ ಕಾರನ್ನ ಒಂದೂವರೆ ಕೋಟಿ ದಾಟಿ ಮಾಡಿತು. ಆಮೇಲೆ ಮಾಡೆಲ್ ಎ ಬಂತು. 1932ರಲ್ಲಿ ಎಂಟು ಸಿಲಿಂಡರಿನ ವಿ-8 ಎಂಜಿನ್ ಬಂತು, 65 ಕುದುರೆ ಶಕ್ತಿಯದ್ದು. ಅದಕ್ಕೆ ಮುಂಚೆ ಎಂಟು ಸಿಲಿಂಡರ್ ಅಂದ್ರೆ ಶ್ರೀಮಂತರ ಕಾರು. ಫೋರ್ಡ್ ಅದನ್ನ ಸಾಮಾನ್ಯರ ಕೈಗೆ ತಂದಿಟ್ಟಿತು.

ಇಷ್ಟು ಕಾರು ಮಾರಾಟ ಆದ್ಮೇಲೆ ಏನಾಗುತ್ತೆ? ಸಪ್ಲೈ ಜಾಸ್ತಿ, ಬೆಲೆ ಕಮ್ಮಿ. 1930ರ ದಶಕ ಮಹಾ ಆರ್ಥಿಕ ಕುಸಿತದ ಕಾಲ ಬೇರೆ. ಲಾಸ್ ಏಂಜಲೀಸ್ ಸುತ್ತಮುತ್ತ ಗುಜರಿ ಅಂಗಡಿಗಳಲ್ಲಿ ಹಳೇ ಫೋರ್ಡ್‌ಗಳು ರಾಶಿ ಬಿದ್ದಿದ್ವು. ಹೈಸ್ಕೂಲ್ ಹುಡುಗ ಪೇಪರ್ ಹಾಕಿ, ಪೆಟ್ರೋಲ್ ಬಂಕಲ್ಲಿ ಕೆಲಸ ಮಾಡಿ ಕೂಡಿಟ್ಟ ದುಡ್ಡಲ್ಲಿ ಒಂದು ಗಾಡಿ ತಗೋಬಹುದಿತ್ತು.

ತಗೊಂಡು ಏನ್ ಮಾಡ್ತಿದ್ರು? ಮೊದಲು ಬಿಚ್ಚೋದು. ಮಡ್‌ಗಾರ್ಡ್, ಬಂಪರ್, ವಿಂಡ್‌ಶೀಲ್ಡ್, ಎಲ್ಲ ಔಟ್. ತೂಕ ಇಳಿದಷ್ಟೂ ಅದೇ ಎಂಜಿನ್ ಗಾಡಿಯನ್ನ ಜಾಸ್ತಿ ವೇಗವಾಗಿ ಎಳೆಯುತ್ತೆ. ಎರಡನೇದು ಎಂಜಿನ್‌ಗೆ ಉಸಿರಾಡೋಕೆ ಬಿಡೋದು. ಒಂದು ಕಾರ್ಬುರೇಟರ್ ಇದ್ದ ಕಡೆ ಎರಡು ಕೂರಿಸೋದು, ಕಂಪ್ರೆಷನ್ ಜಾಸ್ತಿ ಮಾಡೋಕೆ ಹೆಡ್ ಬದಲಿಸೋದು, ವಾಲ್ವ್ ಹೆಚ್ಚು ಹೊತ್ತು ತೆರೆದಿರೋ ಹಾಗೆ ಕ್ಯಾಮ್‌ಶಾಫ್ಟ್ ಅರೆಯೋದು. ಇದನ್ನೆಲ್ಲ ಮಾಡ್ತಿದ್ದದ್ದು ಮನೆ ಹಿತ್ತಲಲ್ಲಿ, ಅಪ್ಪನ ಶೆಡ್ಡಲ್ಲಿ, ರಾತ್ರಿ ಗ್ಯಾರೇಜ್ ಬಾಗಿಲು ಹಾಕಿದ್ಮೇಲೆ.

ಛಾವಣಿ ಇಲ್ಲದ ಎರಡು ಸೀಟಿನ ಕಾರಿಗೆ ರೋಡ್‌ಸ್ಟರ್ ಅಂತಾರೆ. 'ಹಾಟ್ ರೋಡ್‌ಸ್ಟರ್' ಅನ್ನೋದು ಬಾಯಲ್ಲಿ ಸವೆದು 'ಹಾಟ್ ರಾಡ್' ಆಯ್ತು ಅಂತ ಹಲವರು ಹೇಳ್ತಾರೆ. ಯುದ್ಧಕ್ಕೆ ಮುಂಚೆ ಈ ಹೆಸರೂ ಅಷ್ಟು ಬಳಕೆಯಲ್ಲಿರಲಿಲ್ಲ.

ಈಗ ನೀವೇ ಹೇಳಿ. ಗಾಡಿ ರೆಡಿ ಆಯ್ತು, ವಯಸ್ಸು ಹದಿನೆಂಟು. ಎಷ್ಟು ಓಡುತ್ತೆ ಅಂತ ನೋಡ್ಬೇಕು ಅನ್ಸಲ್ವಾ? ಎಲ್ಲಿ ನೋಡೋದು?

ಭಾಗ 3/8 – ಒಣಕೆರೆ

ಒಂದು ಜಾಗ ಊರಿನ ರೋಡು. ರಾತ್ರಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಪಂದ್ಯ. ಇದು ಜೋರಾಗಿ ನಡೀತಿತ್ತು, ಜನ ಸಾಯ್ತಿದ್ರು.

ಇನ್ನೊಂದು ಜಾಗ ಮೊಹಾವೆ ಮರುಭೂಮಿಯ ಒಣಕೆರೆಗಳು. ಮ್ಯೂರಾಕ್, ರೋಸಮಂಡ್, ಹಾರ್ಪರ್, ಎಲ್ ಮಿರಾಜ್. ಮಳೆಗಾಲದಲ್ಲಿ ನೀರು ನಿಂತು, ಆಮೇಲೆ ಒಣಗಿ, ನೆಲ ಸಾರಿಸಿದ ಅಂಗಳದ ಹಾಗೆ ಮೈಲಿಗಟ್ಟಲೆ ಸಪಾಟಾಗುತ್ತೆ. ಮರ ಇಲ್ಲ, ಕಲ್ಲಿಲ್ಲ, ಎದುರಿಗೆ ಬರೋ ಲಾರಿಯೂ ಇಲ್ಲ. ಹುಡುಗರು ಶನಿವಾರ ರಾತ್ರಿ ಲಾಸ್ ಏಂಜಲೀಸ್ ಬಿಟ್ಟು, ಕೆರೆ ದಡದಲ್ಲಿ ಕಾರ್ ಪಕ್ಕದಲ್ಲೇ ಮಲಗಿ, ಬೆಳಗಿನ ತಂಪಲ್ಲಿ ಗಾಡಿ ಬಿಡ್ತಿದ್ರು.

ಆದ್ರೆ ಅಲ್ಲೂ ಅಪಾಯ ಕಮ್ಮಿ ಇರ್ಲಿಲ್ಲ. ಮೊದಮೊದಲು ಹಲವು ಗಾಡಿ ಒಟ್ಟಿಗೆ ಸಾಲಾಗಿ ನಿಂತು ಬಿಡೋದು. ಮುಂದಿನವನು ಎಬ್ಬಿಸಿದ ಧೂಳಲ್ಲಿ ಹಿಂದಿನವನಿಗೆ ಏನೂ ಕಾಣಲ್ಲ. ಇನ್ನೊಂದು ಕಡೆಯಿಂದ ಯಾವನೋ ಸುಮ್ನೆ ಗಾಡಿ ತಿರುಗಿಸ್ತಾ ಇರ್ತಾನೆ. ಡಿಕ್ಕಿ ಹೊಡೆದು ಸತ್ತವರಿದ್ದಾರೆ.

ಆಗ ಒಂದು ಕೆಲಸ ಮಾಡಿದ್ರು. 1937ರ ಕೊನೆಯಲ್ಲಿ ಕೆಲವು ಕ್ಲಬ್ಬುಗಳು ಒಂದೆಡೆ ಕೂತು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್, ಅಂದ್ರೆ ಎಸ್‌ಸಿಟಿಎ, ಕಟ್ಟಿದ್ರು. ಮುಂದಿನ ವರ್ಷವೇ ಮ್ಯೂರಾಕ್‌ನಲ್ಲಿ ಅವರ ಓಟ ಶುರು. ನಿಯಮ ಸರಳ. ನೀವು ಪಕ್ಕದವನ ವಿರುದ್ಧ ಓಡಲ್ಲ, ಗಡಿಯಾರದ ವಿರುದ್ಧ ಓಡ್ತೀರಿ. ಮುಂಚೆ ಬೇಕಾದಷ್ಟು ದೂರ ವೇಗ ಹಿಡಿದು ಬಂದು, ಅಳತೆ ಮಾಡಿದ ಕಾಲು ಮೈಲಿಯಲ್ಲಿ, ಅಂದ್ರೆ ಸುಮಾರು 400 ಮೀಟರ್‌ನಲ್ಲಿ, ಎಷ್ಟು ಹೊತ್ತು ತಗೊಂಡ್ರಿ ಅನ್ನೋದೇ ಲೆಕ್ಕ.

ಇಲ್ಲಿ ಒಂದು ವಿಷಯ ಗಮನಿಸಿ. ಎಸ್‌ಸಿಟಿಎ ಅನ್ನೋದು ಬಿಡಿ ಬಿಡಿ ಜನರ ಸಂಘ ಅಲ್ಲ, ಕ್ಲಬ್ಬುಗಳ ಒಕ್ಕೂಟ. ಕೆರೆ ಮೇಲೆ ಓಡಬೇಕಾದ್ರೆ ಮೊದಲು ಒಂದು ಕ್ಲಬ್ಬಿಗೆ ಸೇರಬೇಕು. ಒಬ್ಬನೇ ಹೋಗಿ "ನನ್ನ ಗಾಡಿ ಸಖತ್ತಾಗಿದೆ" ಅಂದ್ರೆ ನಡೆಯಲ್ಲ. ನಿಮ್ಮ ಪರವಾಗಿ ನಿಲ್ಲೋಕೆ ಒಂದು ಗುಂಪು ಬೇಕು.

ಭಾಗ 4/8 – ಸೇರೋದು ಹೇಗೆ?

ಆ ಕ್ಲಬ್ಬುಗಳ ಹೆಸರು ಕೇಳಿ, ಮಜಾ ಇದೆ. ರೋಡ್ ರನ್ನರ್ಸ್ ಅಂದ್ರೆ ಮರುಭೂಮಿಯಲ್ಲಿ ಓಡೋ ಹಕ್ಕಿ. ಸೈಡ್‌ವೈಂಡರ್ಸ್ ಅಂದ್ರೆ ಅದೇ ಮರುಭೂಮಿಯ ಹಾವು. ಥ್ರಾಟ್ಲರ್ಸ್, ಲೋ ಫ್ಲೈಯರ್ಸ್, ಗೇರ್ ಗ್ರೈಂಡರ್ಸ್. ಹೆಸರಲ್ಲೇ ವೇಗ ಇಟ್ಕೊಂಡ ಕ್ಲಬ್ಬೂ ಇತ್ತು.

ನಾನು ಸಿನಿಮಾ ನೋಡಿ ಇವೆಲ್ಲ ಪುಂಡರ ಗ್ಯಾಂಗ್ ಅಂದ್ಕೊಂಡಿದ್ದೆ. ಓದಿದ್ಮೇಲೆ ನಗು ಬಂತು, ಯಾಕಂದ್ರೆ ಕ್ಲಬ್ ಮೀಟಿಂಗ್ ಅನ್ನೋದು ನಮ್ಮ ಕಂಪನಿ ಲಾ ಪುಸ್ತಕದ ಹಾಗೇ ಇತ್ತು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ. ಬೈಲಾ. ತಿಂಗಳ ಚಂದಾ. ಹೋದ ಮೀಟಿಂಗ್‌ನ ನಡಾವಳಿ ಓದೋದು. ಮೀಟಿಂಗಿಗೆ ಬರದಿದ್ರೆ ದಂಡ. ಯಾರ್ದೋ ಮನೇ ಹಾಲ್‌ನಲ್ಲಿ, ಅಮ್ಮ ಕೊಟ್ಟ ಕಾಫಿ ಕುಡೀತಾ, ಕೈಗೆ ಗ್ರೀಸ್ ಮೆತ್ತಿಕೊಂಡ ಹುಡುಗರು "ನಾನು ಅನುಮೋದಿಸ್ತೀನಿ" ಅಂತ ಕೈ ಎತ್ತೋದು!

ಸೇರೋ ವಿಧಾನ ಕ್ಲಬ್ಬಿಂದ ಕ್ಲಬ್ಬಿಗೆ ಬೇರೆ, ಆದ್ರೆ ಸಾಮಾನ್ಯವಾಗಿ ಹೀಗಿರ್ತಿತ್ತು. ಒಳಗಿರೋ ಒಬ್ಬ ಸದಸ್ಯ ನಿಮ್ಮನ್ನ ಕರ್ಕೊಂಡು ಹೋಗಿ ಪರಿಚಯ ಮಾಡಿಸಬೇಕು. ನೀವು ಸ್ವಲ್ಪ ದಿನ ಸುಮ್ನೆ ಮೀಟಿಂಗಿಗೆ ಬರಬೇಕು. ಬೇರೆಯವರ ಗಾಡಿ ಕೆಲಸಕ್ಕೆ ಕೈ ಹಾಕಬೇಕು. ಆ ದಿನಗಳಲ್ಲಿ ಅವರು ನೋಡೋದು ನಿಮ್ಮ ಗಾಡಿಯನ್ನಷ್ಟೇ ಅಲ್ಲ, ನಿಮ್ಮನ್ನ. ಆಮೇಲೆ ನೀವು ಹೊರಗಿರುವಾಗ ವೋಟು. ಗೆದ್ರೆ ಫಲಕ, ಹಿಂದೆ ಕ್ಲಬ್ ಹೆಸರು ಹೊಲಿದ ಜಾಕೆಟ್.

ಸೇರಿದ ಮೇಲೆ ಹಕ್ಕಿಗಿಂತ ಕೆಲಸವೇ ಜಾಸ್ತಿ. ಓಟದ ದಿನ ಕ್ಲಬ್ ಹುಡುಗರೇ ಕೆರೆ ಕಾಯಬೇಕು, ಪ್ರೇಕ್ಷಕರನ್ನ ಹಿಂದೆ ತಳ್ಳಬೇಕು. ನೀವು ವೇಗವಾಗಿ ಓಡಿ ಗಳಿಸಿದ ಅಂಕ ನಿಮ್ಮ ಕ್ಲಬ್ಬಿನ ಲೆಕ್ಕಕ್ಕೂ ಸೇರ್ತಿತ್ತು. ಇಡೀ ವರ್ಷ ಹೆಚ್ಚು ಅಂಕ ಗಳಿಸಿದವನಿಗೆ ಮುಂದಿನ ವರ್ಷ ಗಾಡಿ ಮೇಲೆ '1' ಅಂತ ಬರೆಯೋ ಹಕ್ಕು. ಬಹುಮಾನದ ದುಡ್ಡು? ಇಲ್ಲ ಅಂತಾನೇ ಅಂದ್ಕೊಳ್ಳಿ. ಒಂದು ಅಂಕಿಗೋಸ್ಕರ ವರ್ಷಪೂರ್ತಿ ಧೂಳು ಕುಡಿಯೋದು.

ಕೆಲವು ಕ್ಲಬ್ಬುಗಳಲ್ಲಿ ರಸ್ತೆ ಮೇಲೆ ಟ್ರಾಫಿಕ್ ಟಿಕೆಟ್ ತಿಂದ್ರೆ ಕೋರ್ಟಿಗೆ ಕಟ್ಟೋದು ಬೇರೆ, ಕ್ಲಬ್ಬಿಗೂ ದಂಡ ಕಟ್ಟಬೇಕಿತ್ತು. ಪದೇಪದೇ ಆದ್ರೆ ಫಲಕ ವಾಪಸ್. ಪೊಲೀಸಿಗೆ ಹೆದರದ ಹುಡುಗ ಇದಕ್ಕೆ ಹೆದರ್ತಿದ್ದ.

ಭಾಗ 5/8 – ಯುದ್ಧ, ಒಂದು ಪತ್ರಿಕೆ, ಒಂದು ಪೆಟ್ರೋಲ್ ಟ್ಯಾಂಕ್

1941ರ ಡಿಸೆಂಬರ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಪೆಟ್ರೋಲ್, ಟೈರ್ ಎಲ್ಲ ರೇಷನ್. ಹುಡುಗರು ಸೈನ್ಯಕ್ಕೆ ಹೋದ್ರು. ಮ್ಯೂರಾಕ್ ಕೆರೆ ಸೈನ್ಯದ ವಶವಾಯ್ತು, ಈಗ ಅಲ್ಲಿರೋದು ಎಡ್ವರ್ಡ್ಸ್ ವಾಯುನೆಲೆ.

ಕ್ಲಬ್ ಮುಗಿಯಿತು ಅಂದ್ಕೊಂಡ್ರಾ? ಇಲ್ಲಿ ಒಬ್ಬ ಹೆಣ್ಣುಮಗಳು ಬರ್ತಾಳೆ. ವೀಡಾ ಓರ್. ಗಂಡ ಕಾರ್ಲ್ ಓರ್ ಕೂಡ ರೇಸರ್. ಎಸ್‌ಸಿಟಿಎ ಓಟದಲ್ಲಿ ಗಾಡಿ ಓಡಿಸಿದ ಮೊದಲ ಮಹಿಳೆ ಈಕೆ. ಯುದ್ಧದ ಸಮಯದಲ್ಲಿ ಎಸ್‌ಸಿಟಿಎಯ ಸುದ್ದಿಪತ್ರವನ್ನ ಈಕೆ ಕೈಗೆ ತಗೊಂಡು, ದೂರದ ರಣರಂಗಗಳಲ್ಲಿದ್ದ ಹುಡುಗರಿಗೆ ಅಂಚೆಯಲ್ಲಿ ಕಳಿಸ್ತಾ ಬಂದ್ಲು. ಯಾರು ಎಲ್ಲಿದ್ದಾರೆ, ಯಾರಿಗೆ ಏನಾಯ್ತು ಅನ್ನೋ ಸುದ್ದಿ. ಓಟ ಇಲ್ಲ, ಕೆರೆ ಇಲ್ಲ, ಆದ್ರೂ ಕ್ಲಬ್ ಇತ್ತು. ಯಾಕಂದ್ರೆ ಒಬ್ಬಳು ವಿಳಾಸದ ಪಟ್ಟಿ ಇಟ್ಕೊಂಡಿದ್ಲು.

ವಾಪಸ್ ಬಂದವರು ಸುಮ್ನೆ ಬರ್ಲಿಲ್ಲ. ಬಿಲ್ ಬರ್ಕ್ ಅನ್ನೋರು ಯುದ್ಧವಿಮಾನದ ಕೆಳಗೆ ಕಟ್ಟೋ ಹೆಚ್ಚುವರಿ ಪೆಟ್ರೋಲ್ ಟ್ಯಾಂಕನ್ನ ನೋಡಿದ್ರು. ನೀರಿನ ಹನಿಯ ಆಕಾರ, ಗಾಳಿ ಸೀಳೋಕಂತಾನೇ ಮಾಡಿದ್ದು. ಯುದ್ಧ ಮುಗಿದ್ಮೇಲೆ ಅಂಥ ಟ್ಯಾಂಕುಗಳು ಕಮ್ಮಿ ಬೆಲೆಗೆ ಸಿಗ್ತಿದ್ವು. 1946ರಲ್ಲಿ ಅದನ್ನೇ ಕಾರಿನ ಬಾಡಿ ಮಾಡಿಬಿಟ್ರು! 'ಬೆಲ್ಲಿ ಟ್ಯಾಂಕ್' ಗಾಡಿ ಹುಟ್ಟಿದ್ದು ಹೀಗೆ. 1948ರಲ್ಲಿ ಸ್ಟು ಹಿಲ್‌ಬಾರ್ನ್ ತನ್ನ ಗಾಡಿಯಲ್ಲಿ ಒಣಕೆರೆ ಮೇಲೆ ಮೊದಲ ಬಾರಿಗೆ ಗಂಟೆಗೆ 150 ಮೈಲಿ, ಅಂದ್ರೆ 241 ಕಿ.ಮೀ. ದಾಟಿದ್ರು.

ಅದೇ 1948ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಸ್‌ಸಿಟಿಎಯ ಹಾಟ್ ರಾಡ್ ಪ್ರದರ್ಶನ ನಡೆಯಿತು. ಹೊರಗೆ ಮೆಟ್ಟಿಲ ಮೇಲೆ ನಿಂತು ಒಬ್ಬ ಹೊಸ ಪತ್ರಿಕೆಯ ಮೊದಲ ಸಂಚಿಕೆ ಮಾರ್ತಿದ್ದ. ಬೆಲೆ 25 ಸೆಂಟ್. ಪತ್ರಿಕೆ ಹೆಸರು ಹಾಟ್ ರಾಡ್. ಅವನ ಹೆಸರು ರಾಬರ್ಟ್ ಪೀಟರ್ಸನ್. ವಯಸ್ಸು 21. ನಮಗಿಂತ ಒಂದು ವರ್ಷ ದೊಡ್ಡವನು, ಗುರು. ಮುಂದೆ ಅಮೆರಿಕದ ದೊಡ್ಡ ಪತ್ರಿಕಾ ಮಾಲೀಕರಲ್ಲಿ ಒಬ್ಬನಾದ.

ಭಾಗ 6/8 – ಪೊಲೀಸ್ ಮತ್ತು ಹುಡುಗರು

ಯುದ್ಧದ ನಂತರ ಕೈಯಲ್ಲಿ ದುಡ್ಡಿದ್ದ, ಸಾವನ್ನ ಹತ್ತಿರದಿಂದ ನೋಡಿ ಬಂದಿದ್ದ ಯುವಕರು ಸಾವಿರಾರು. ಅವರ ಹಿಂದೆ ತಮ್ಮಂದಿರು. ಬೀದಿ ಪಂದ್ಯ ಜೋರಾಯ್ತು. ಪತ್ರಿಕೆಗಳಲ್ಲಿ 'ಹಾಟ್ ರಾಡ್' ಅನ್ನೋದು ಬೈಗುಳ ಆಯ್ತು. ಯಾವ ಹಳೇ ಕಾರು ಅಪಘಾತ ಆದ್ರೂ ಹಾಟ್ ರಾಡ್ ಅಪಘಾತ. ಇವನ್ನ ಬ್ಯಾನ್ ಮಾಡಿ ಅಂತ ಕೂಗು.

ಇಲ್ಲಿ ವಾಲಿ ಪಾರ್ಕ್ಸ್ ಅನ್ನೋ ಹೆಸರು ನೆನಪಿಟ್ಕೊಳ್ಳಿ. 1913ರಲ್ಲಿ ಹುಟ್ಟಿದವರು, 1937ರ ರೋಡ್ ರನ್ನರ್ಸ್ ಕ್ಲಬ್ಬಿನ ಸ್ಥಾಪಕ ಸದಸ್ಯರಲ್ಲಿ ಒಬ್ಬರು. ಯುದ್ಧದ ನಂತರ ಎಸ್‌ಸಿಟಿಎ ಅಧ್ಯಕ್ಷರಾದ್ರು. 1949ರಲ್ಲಿ ಹಾಟ್ ರಾಡ್ ಪತ್ರಿಕೆಯ ಸಂಪಾದಕ. 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದ್ರು. ಅವರ ಲೆಕ್ಕ ಸರಳ. ಹುಡುಗರಿಗೆ 'ಓಡಿಸಬೇಡ' ಅಂದ್ರೆ ಕೇಳಲ್ಲ, 'ಇಲ್ಲಿ ಓಡಿಸು' ಅಂದ್ರೆ ಕೇಳಬಹುದು.

ಆ 'ಇಲ್ಲಿ' ಎಲ್ಲಿ? ಒಣಕೆರೆ ದೂರ. ಹಾಗಾಗಿ ಊರ ಹತ್ತಿರವೇ ಜಾಗ ಹುಡುಕಿದ್ರು. 1950ರಲ್ಲಿ ಸಾಂಟಾ ಆನಾ ಬಳಿಯ ವಿಮಾನ ನಿಲ್ದಾಣದಲ್ಲಿ ಭಾನುವಾರಗಳಂದು ಕಾಲು ಮೈಲಿ ಡ್ರ್ಯಾಗ್ ರೇಸ್ ಶುರುವಾಯ್ತು. ಎರಡು ಗಾಡಿ ಅಕ್ಕಪಕ್ಕ ನಿಂತಲ್ಲಿಂದ ಹೊರಡೋದು. ಬರೋ ಗಾಡಿಗೆ ಬ್ರೇಕ್ ಇದೆಯಾ, ಸೀಟ್ ಬೆಲ್ಟ್ ಇದೆಯಾ, ಹೆಲ್ಮೆಟ್ ಇದೆಯಾ ಅಂತ ಪರೀಕ್ಷೆ ಮಾಡೋ ಪದ್ಧತಿ ಈ ಓಟಗಳ ಜೊತೆ ಬೆಳೆಯಿತು.

ಪೊಮೋನಾ ಅನ್ನೋ ಊರಲ್ಲಿ ಬಡ್ ಕೂನ್ಸ್ ಅನ್ನೋ ಪೊಲೀಸ್ ಸಾರ್ಜೆಂಟ್ ಇದ್ರು. ಅವರು ಹುಡುಗರನ್ನ ಬರೀ ಹಿಡಿಯೋ ಬದಲು ಅಲ್ಲಿನ ಚಾಪರ್ಸ್ ಕ್ಲಬ್ ಜೊತೆ ಕೂತು ಕೆಲಸ ಮಾಡಿದ್ರು. ಜಾತ್ರೆ ಮೈದಾನದ ವಾಹನ ನಿಲುಗಡೆ ಜಾಗ ಡ್ರ್ಯಾಗ್ ಸ್ಟ್ರಿಪ್ ಆಯ್ತು. 1953ರ ಏಪ್ರಿಲ್‌ನಲ್ಲಿ ಹೊಸ ರಾಷ್ಟ್ರೀಯ ಸಂಘದ ಮೊದಲ ಅಧಿಕೃತ ಓಟ ನಡೆದದ್ದು ಅಲ್ಲೇ. ಮುಂದಿನ ವರ್ಷ ಅದೇ ಕೂನ್ಸ್ ಇನ್ನೂ ಮೂವರ ಜೊತೆ ಒಂದು ಕಾರು, ಒಂದು ಟ್ರೇಲರ್ ತಗೊಂಡು, ಸುರಕ್ಷಿತವಾಗಿ ಓಟ ನಡೆಸೋದು ಹೇಗೆ ಅಂತ ಊರೂರಿನ ಕ್ಲಬ್ಬುಗಳಿಗೆ ತೋರಿಸ್ತಾ ದೇಶ ಸುತ್ತಿದ್ರು.

ನನಗೆ ತುಂಬಾ ಇಷ್ಟ ಆದದ್ದು ಇನ್ನೊಂದು. ಹಲವು ಕ್ಲಬ್ಬುಗಳು ಸಣ್ಣ ಕಾರ್ಡ್ ಅಚ್ಚು ಹಾಕಿಸಿದ್ವು. ದಾರಿಯಲ್ಲಿ ಯಾರ್ದಾದ್ರೂ ಗಾಡಿ ಕೆಟ್ಟು ನಿಂತಿದ್ರೆ ಸದಸ್ಯ ನಿಲ್ಲಿಸಿ, ಟೈರ್ ಬದಲಿಸಿಯೋ ಪೆಟ್ರೋಲ್ ಕೊಟ್ಟೋ ಸಹಾಯ ಮಾಡಬೇಕು. ದುಡ್ಡು ಮುಟ್ಟಂಗಿಲ್ಲ. ಹೋಗುವಾಗ ಆ ಕಾರ್ಡ್ ಕೊಡೋದು. ನಿಮಗೆ ಸಹಾಯ ಮಾಡಿದ್ದು ಇಂಥ ಹಾಟ್ ರಾಡ್ ಕ್ಲಬ್ಬಿನ ಹುಡುಗ ಅಂತ ಅದರಲ್ಲಿ ಬರೆದಿರುತ್ತೆ. ಕೆಟ್ಟ ಹೆಸರನ್ನ ಒಂದೊಂದೇ ಪಂಕ್ಚರ್ ಹಾಕಿ ತೊಳೆಯೋದು.

ಭಾಗ 7/8 – ಹೊರಗೆ ಉಳಿದವರು

ಇಲ್ಲಿವರೆಗೆ ಓದಿ "ಆಹಾ ಎಷ್ಟು ಚಂದ" ಅನ್ಸಿದ್ರೆ ಸ್ವಲ್ಪ ತಡೀರಿ. ವೋಟ್ ಹಾಕಿ ಒಳಗೆ ಬಿಡೋ ಕ್ಲಬ್ ಅಂದ್ಮೇಲೆ ವೋಟ್ ಹಾಕಿ ಹೊರಗೆ ಇಡೋ ಕ್ಲಬ್ಬೂ ಹೌದು.

ಹೆಣ್ಣುಮಕ್ಕಳಿಗೆ ವೀಡಾ ಓರ್ ಬಾಗಿಲು ತೆಗೆದ್ರೂ, ಅವಳ ಹಿಂದೆ ಸಾಲು ಬರೋಕೆ ಬಿಡ್ಲಿಲ್ಲ. ಬಹಳ ಕಡೆ ಹುಡುಗಿಯರಿಗೆ ಇದ್ದ ಜಾಗ ಪಕ್ಕದ ಸೀಟು.

ಯುದ್ಧಕ್ಕೆ ಮುಂಚೆ ಒಣಕೆರೆಗಳಲ್ಲಿ ಜಪಾನಿ ಮೂಲದ ಅಮೆರಿಕನ್ ಹುಡುಗರೂ ಗಾಡಿ ಓಡಿಸ್ತಿದ್ರು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದ್ರು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನ, ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು, ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಹಾಕಿದ್ರು. ಜೊತೆಗೆ ತಗೊಂಡು ಹೋಗಬಹುದಾಗಿದ್ದದ್ದು ಕೈಯಲ್ಲಿ ಹೊರುವಷ್ಟು ಸಾಮಾನು. ಹಿತ್ತಲಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದ ಗಾಡಿಯನ್ನ ಕೈಯಲ್ಲಿ ಹೊರೋಕಾಗುತ್ತಾ?

ಇನ್ನೊಂದು ಕಥೆ ಸ್ಯಾನ್ ಡಿಯಾಗೋದ್ದು. 1950ರ ಆಸುಪಾಸಲ್ಲಿ ಹೋಕಿನ್ ಆರ್ನೆಟ್ ಅನ್ನೋ ಮೆಕ್ಸಿಕನ್ ಮೂಲದ ಯುವಕ ಗೆಳೆಯರ ಜೊತೆ ಒಂದು ಕ್ಲಬ್ ಕಟ್ಟಿದ. ಆಗ ಮೆಕ್ಸಿಕನ್ ಮೂಲದವರನ್ನ 'ಬೀನ್ಸ್ ತಿನ್ನೋರು' ಅಂತ ಹೀಯಾಳಿಸೋ ಚಾಳಿ ಇತ್ತು. ಇವರು ಆ ಮಾತನ್ನೇ ಎತ್ತಿ ಹೆಸರಿಟ್ಕೊಂಡ್ರು: ಬೀನ್ ಬ್ಯಾಂಡಿಟ್ಸ್. ಬೀನ್ಸ್ ಕಳ್ಳರು! ಮೆಕ್ಸಿಕನ್ನರು ಮಾತ್ರ ಅಲ್ಲ, ಕಪ್ಪು ಹುಡುಗರು, ಬಿಳಿ ಹುಡುಗರು, ಏಷ್ಯಾ ಮೂಲದವರು, ಎಲ್ಲರೂ ಅದರಲ್ಲಿದ್ರು. ಕ್ಯಾಲಿಫೋರ್ನಿಯಾದ ಡ್ರ್ಯಾಗ್ ಸ್ಟ್ರಿಪ್‌ಗಳಿಗೆ ಇವರು ಬಂದ್ರೆ ಉಳಿದವರಿಗೆ ನಡುಕ. ಹೆಸರು ಕೇಳಿ ನಕ್ಕವರಿಗೆ ಗಡಿಯಾರವೇ ಉತ್ತರ ಕೊಡ್ತಿತ್ತು.

1962ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರುವೆಲಾಸ್ ಅಣ್ಣತಮ್ಮಂದಿರು ಡ್ಯೂಕ್ಸ್ ಅನ್ನೋ ಕ್ಲಬ್ ಶುರು ಮಾಡಿದ್ರು. ಇದು ಲೋರೈಡರ್ ಕ್ಲಬ್. ಅಂದ್ರೆ ವೇಗ ಬೇಡ, ಗಾಡಿ ನೆಲಕ್ಕೆ ತಾಗೋ ಹಾಗೆ ತಗ್ಗಿಸಿ, ಬಣ್ಣ ಬಳಿದು, ಮೆರವಣಿಗೆ ದೇವರ ಹಾಗೆ ನಿಧಾನ ಹೋಗೋದು. ಅದಕ್ಕೂ ಫಲಕ ಇತ್ತು, ಮೀಟಿಂಗ್ ಇತ್ತು, ಚಂದಾ ಇತ್ತು.

ಹೊರಗೆ ನಿಂತವರು ಬಾಗಿಲ ಹತ್ತಿರ ಅಳ್ತಾ ಕೂರಲಿಲ್ಲ, ಬೇರೆ ಮನೆ ಕಟ್ಟಿದ್ರು. ಆದ್ರೆ ಅವರು ಕಟ್ಟಿದ್ರು ಅಂತ ಇವರು ಬಾಗಿಲು ಹಾಕಿದ್ದು ಸರಿಯಾಗಲ್ಲ.

ಭಾಗ 8/8 – ಫಲಕ ಯಾರದ್ದು?

1960ರ ದಶಕದಲ್ಲಿ ಏನಾಯ್ತು ಅಂದ್ರೆ, ವೇಗ ಅಂಗಡಿಗೆ ಬಂತು. 1964ರಲ್ಲಿ ಪಾಂಟಿಯಾಕ್ ಜಿಟಿಒ ಬಂದ್ಮೇಲೆ ದೊಡ್ಡ ಎಂಜಿನ್‌ನ ಕಾರುಗಳು ಸಾಲಾಗಿ ಶೋರೂಮಿಗೆ ಬಂದ್ವು. ಕಂತಿನ ಮೇಲೆ ತಗೋಬಹುದು. ಹಿತ್ತಲಲ್ಲಿ ಎರಡು ವರ್ಷ ಕೂತು ಮಾಡೋದನ್ನ ಒಂದು ಸಹಿಯಲ್ಲಿ ಮನೆಗೆ ತರಬಹುದು. ಇನ್ನೊಬ್ಬನ ಕೈ ಬೇಕಾಗಲ್ಲ. ಎಷ್ಟೋ ಕ್ಲಬ್ಬುಗಳು ಆಗ ಸದ್ದಿಲ್ಲದೆ ಕರಗಿದ್ವು.

ಎಲ್ಲವೂ ಹೋಗ್ಲಿಲ್ಲ. 1937ರ ರೋಡ್ ರನ್ನರ್ಸ್ ಇವತ್ತಿಗೂ ಇದೆ. ಎಲ್ ಮಿರಾಜ್ ಕೆರೆ ಮೇಲೆ ಎಸ್‌ಸಿಟಿಎ ಇವತ್ತಿಗೂ ಓಟ ನಡೆಸುತ್ತೆ. 1949ರ ಆಗಸ್ಟ್‌ನಲ್ಲಿ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಲ್ಲಿ ಶುರುವಾದ ಸ್ಪೀಡ್ ವೀಕ್‌ಗೆ ಈಗಲೂ ಜನ ಹೋಗ್ತಾರೆ. ಅಲ್ಲೊಂದು 200 ಎಂಪಿಎಚ್ ಕ್ಲಬ್ ಇದೆ, 1953ರಿಂದ. ಸೇರೋಕೆ ಎಷ್ಟು ದುಡ್ಡಿದ್ರೂ ಸಾಲದು. ಗಂಟೆಗೆ 200 ಮೈಲಿ, ಅಂದ್ರೆ 322 ಕಿ.ಮೀ. ಮೀರಿ ಓಡಿ, ಅಲ್ಲಿದ್ದ ದಾಖಲೆಯನ್ನೂ ಮುರಿಯಬೇಕು.

ಈಗ ನನ್ನ ಕಾರಣ.

ಎರಡು ತಿಂಗಳ ಹಿಂದೆ ರಿಂಗ್ ರೋಡಲ್ಲಿ ನನ್ನ ಗೆಳೆಯ ಬೈಕ್ ವೀಲಿ ಮಾಡಕ್ಕೆ ಹೋಗಿ ಬಿದ್ದ. ಆ ರೀಲ್ ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಅದನ್ನ ಶೂಟ್ ಮಾಡಿದ್ದು ನಾನು. "ಇನ್ನೊಂದ್ಸಲ ಮಾಡೋ, ಫ್ರೇಮ್ ಸರಿ ಬಂದಿಲ್ಲ" ಅಂದಿದ್ದೂ ನಾನೇ. ಮೊದಲನೇ ಸಲ ಅವನು ಬಿದ್ದಿರ್ಲಿಲ್ಲ.

ಅವನ ಅಮ್ಮ ಆಸ್ಪತ್ರೆಯಲ್ಲಿ ನನಗೆ ಬೈಯ್ಲಿಲ್ಲ. "ಊಟ ಮಾಡ್ದೇನಪ್ಪಾ?" ಅಂತ ಕೇಳಿದ್ರು. ಬೈದಿದ್ರೆ ಚೆನ್ನಾಗಿತ್ತು.

ನಮಗೂ ಒಂದು ಗುಂಪಿತ್ತು, ಹೆಸರಿತ್ತು, ಬೈಕ್ ಮೇಲೆ ಸ್ಟಿಕ್ಕರ್ ಇತ್ತು. ಹದಿನಾಲ್ಕು ಜನ. ಅವನು ಬಿದ್ದ ಮೇಲೆ ಆಸ್ಪತ್ರೆಗೆ ಬಂದವರು ಮೂರು ಜನ. ಉಳಿದವರು ಗ್ರೂಪಿಂದ ಲೆಫ್ಟ್ ಆದ್ರು. ಈ ಇತಿಹಾಸ ಓದುವಾಗ ನನಗೆ ಪದೇಪದೇ ಚುಚ್ಚಿದ್ದು ಇದೇ. ಆ ಹುಡುಗರೂ ನಮ್ಮ ಹಾಗೇ ವೇಗದ ಹುಚ್ಚರು. ಆದ್ರೆ ಅವರ ಫಲಕಕ್ಕೆ ಒಂದು ಅರ್ಥ ಇತ್ತು: ನೀನು ತಪ್ಪು ಮಾಡಿದ್ರೆ ಕೇಳೋಕೆ ನಾವಿದ್ದೀವಿ, ಗಾಡಿ ಕೆಟ್ರೆ ಬರೋಕೂ ನಾವಿದ್ದೀವಿ. ನಮ್ಮ ಸ್ಟಿಕ್ಕರ್‌ಗೆ ಆ ಅರ್ಥ ಇರ್ಲಿಲ್ಲ. ನಲವತ್ತು ರೂಪಾಯಿಗೆ ಯಾರು ಬೇಕಾದ್ರೂ ಪ್ರಿಂಟ್ ಹಾಕಿಸಬಹುದಿತ್ತು.

ಇದನ್ನ ಪೋಸ್ಟ್ ಮಾಡೋಕೆ ಮುಂಚೆ ಅವನಿಗೆ ಓದಿ ಹೇಳಿದೆ. ಕಾಲೊಳಗೆ ರಾಡ್ ಹಾಕಿದ್ದಾರೆ, ಇನ್ನೂ ವಾಕರ್ ಹಿಡ್ಕೊಂಡೇ ಓಡಾಟ. ಪೂರ್ತಿ ಕೇಳಿ, "ಹಾಗಾದ್ರೆ ಇಡೀ ಕಾಲೇಜಲ್ಲಿ ನಿಜವಾದ ರಾಡ್ ಇರೋದು ನನ್ ಹತ್ರ ಮಾತ್ರ ಅಲ್ವೇನೋ" ಅಂದ. ಇಬ್ರೂ ನಕ್ಕೆವು. ಆಮೇಲೆ "ನನ್ನ ವಿಷ್ಯನೂ ಹಾಕು, ಹೆಸರು ಬೇಡ" ಅಂದ. ಹಾಕಿದ್ದೀನಿ.

ಸೋಮವಾರದಿಂದ ಅವನು ಕ್ಲಾಸಿಗೆ ಬರ್ತಾನೆ. ನಮ್ಮ ಕ್ಲಾಸ್‌ರೂಮ್ ಎರಡನೇ ಮಹಡಿ, ಲಿಫ್ಟ್ ಇಲ್ಲ. ಬೆಳಿಗ್ಗೆ ಒಂಬತ್ತೂಕಾಲಿಗೆ ಗೇಟ್ ಹತ್ರ ಇಬ್ಬರು ಬೇಕು, ಸಂಜೆ ಇಬ್ಬರು. ಪಾಳಿ ಪಟ್ಟಿ ನಾನು ಮಾಡ್ತಿದ್ದೀನಿ. ಯಾರು ಬರ್ತೀರಿ, ಹೇಳಿ.